ಯಾರನ್ನು ಉಳಿಸಲಿ, ಏನನ್ನು ಬಿಡಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಥೆಯಿರುವ ಗೇಮ್‌ಗಳಲ್ಲಿ ಎದುರಾಗುವ ಧರ್ಮಸಂಕಟಗಳ ಬಗ್ಗೆ ಇವೆ. ಉತ್ತರ ಕೊಡಬೇಕಾದರೆ ಕಥೆಯ ಕೊನೆಯನ್ನೂ ಹೇಳಲೇಬೇಕಾಗುತ್ತದೆ. ಇನ್ನೂ ಆಡದ ಗೇಮಿನ ಹೆಸರು ಕಂಡರೆ ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋಗಿ.

ಮಾಸ್ ಎಫೆಕ್ಟ್ 2ರಲ್ಲಿ ಎಲ್ಲ ಸಂಗಡಿಗರ ಲಾಯಲ್ಟಿ (ನಿಷ್ಠೆ ಗಳಿಸುವ) ಮಿಷನ್ ಮುಗಿಸಿದ್ದೆ, ಹಡಗಿನ ಅಪ್‌ಗ್ರೇಡ್‌ಗಳನ್ನೂ ಮಾಡಿಸಿದ್ದೆ. ಸಿಬ್ಬಂದಿಯ ಜೊತೆ ಥೇನ್‌ನನ್ನು ವಾಪಸ್ ಕಳಿಸಿ, ಕೊನೆಯ ಕಾಳಗಕ್ಕೆ ಗ್ರಂಟ್ ಮತ್ತು ಗ್ಯಾರಸ್‌ನನ್ನು ಕರೆದುಕೊಂಡು ಹೋದೆ. ಆದರೂ ಮಾರ್ಡಿನ್ ಸತ್ತ. ಎಲ್ಲಿ ತಪ್ಪಿದೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಜಯನಗರ

ಬಲಶಾಲಿಗಳಿಬ್ಬರನ್ನು ನೀವೇ ಕರೆದುಕೊಂಡು ಹೋಗಿದ್ದರಿಂದ ಹಿಂದೆ ಬಾಗಿಲು ಕಾಯುವ ತಂಡ ಸೊರಗಿತು. ಅಲ್ಲಿ ಗೇಮ್ ಒಳಗೊಳಗೇ ಒಂದು ಲೆಕ್ಕ ಹಾಕುತ್ತದೆ, ಪರದೆಯ ಮೇಲೆ ತೋರಿಸುವುದಿಲ್ಲ. ಗ್ರಂಟ್, ಗ್ಯಾರಸ್, ಜೈದ್‌ಗೆ ತಲಾ 4 ಅಂಕ. ಮಿರಾಂಡಾ, ಜೇಕಬ್, ಥೇನ್, ಸಮಾರಾ, ಲೀಜನ್‌ಗೆ ತಲಾ 2. ಮಾರ್ಡಿನ್, ಟಾಲಿ, ಜ್ಯಾಕ್, ಕಸೂಮಿಗೆ ತಲಾ 1. ಲಾಯಲ್ಟಿ ಗಳಿಸದವರಿಗೆ ಒಂದು ಅಂಕ ಖೋತಾ. ಹಿಂದೆ ಉಳಿದವರು ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಾಸರಿ 2 ಮುಟ್ಟಬೇಕು. ಮುಟ್ಟದಿದ್ದರೆ ಒಬ್ಬರೋ ಇಬ್ಬರೋ ಹೋಗುತ್ತಾರೆ, ಹೋಗುವವರ ಸರದಿಯಲ್ಲಿ ಮಾರ್ಡಿನ್ ಮೊದಲಿಗ.

ನಿಮ್ಮ ಲೆಕ್ಕ ನೋಡಿ: ಉಳಿದವರು ಒಂಬತ್ತು ಜನ, ಒಟ್ಟು ಅಂಕ 16, ಸರಾಸರಿ 1.78. ಮಾರ್ಡಿನ್‌ನನ್ನು ಸಿಬ್ಬಂದಿಯ ಜೊತೆ ಕಳಿಸಿ, ಟಾಲಿ ಮತ್ತು ಜ್ಯಾಕ್‌ರನ್ನು ನಿಮ್ಮ ಜೊತೆ ಇಟ್ಟುಕೊಂಡಿದ್ದರೆ ಅದೇ ಒಂಬತ್ತು ಜನರಿಗೆ 23 ಅಂಕ, ಸರಾಸರಿ 2.5ಕ್ಕೂ ಮೇಲೆ. ಎಲ್ಲರೂ ಬದುಕುತ್ತಿದ್ದರು.

ಮತ್ತೆ ಆಡುವುದಾದರೆ ಕೊನೆಯ ಮಿಷನ್‌ನಲ್ಲಿ ಆಳು ಆರಿಸಬೇಕಾದ ಉಳಿದ ಜಾಗಗಳನ್ನೂ ನೋಡಿಕೊಳ್ಳಿ. ಕೊಳವೆಯೊಳಗೆ ಕಳಿಸಲು ಟಾಲಿ, ಲೀಜನ್ ಅಥವಾ ಕಸೂಮಿ. ಎರಡನೇ ತಂಡದ ಮುಂದಾಳಾಗಿ ಗ್ಯಾರಸ್, ಮಿರಾಂಡಾ ಅಥವಾ ಜೇಕಬ್. ಮೊದಲ ಹಂತದಲ್ಲಿ ಮುಂದಾಳಿನ ಆಯ್ಕೆ ಕೆಟ್ಟರೆ ಸಾಯುವವನು ಆ ಮುಂದಾಳಲ್ಲ, ಕೊಳವೆಯಲ್ಲಿ ಹೋದವನು. ಎಷ್ಟೋ ಜನ ಇದು ತಿಳಿಯದೆ ಕೊಳವೆಗೆ ಕಳಿಸಿದವನನ್ನೇ ಬದಲಾಯಿಸುತ್ತಾ ಕೂರುತ್ತಾರೆ. ಹುಳುಗಳ ಹಿಂಡಿನ ನಡುವೆ ಕವಚ ಹಿಡಿಯಲು ಜ್ಯಾಕ್ ಅಥವಾ ಸಮಾರಾ. ಮಿರಾಂಡಾ ತಾನೇ ಹಿಡಿಯುತ್ತೇನೆ ಎನ್ನುತ್ತಾಳೆ, ನಂಬಬೇಡಿ. ಸಿಬ್ಬಂದಿ ಅಪಹರಣವಾದ ಮೇಲೆ ಬೇರೆ ಮಿಷನ್‌ಗಳಿಗೆ ಕೈ ಹಾಕದೆ ನೇರ ಹೊರಟರೆ ಮಾತ್ರ ಅವರೆಲ್ಲರೂ ಸಿಗುತ್ತಾರೆ.

ಇಷ್ಟು ಹೇಳಿದ ಮೇಲೂ ನಮ್ಮ ತಕರಾರು ಒಂದಿದೆ. ಲೆಕ್ಕ ಗೊತ್ತಾದರೆ ಯಾರೂ ಸಾಯದ ಮಿಷನ್‌ನಲ್ಲಿ ತ್ಯಾಗ ಎಲ್ಲಿ ಬಂತು? ಅದು ಡ್ಯೂಟಿ ಹಂಚಿಕೆ. 2007ರ ಮೊದಲ ಮಾಸ್ ಎಫೆಕ್ಟ್‌ನ ವಿರ್‌ಮೈರ್ ಘಟ್ಟದಲ್ಲಿ ಆಶ್ಲಿ ಅಥವಾ ಕೈಡನ್ ಇಬ್ಬರಲ್ಲಿ ಒಬ್ಬರೇ ಉಳಿಯುತ್ತಾರೆ, ಯಾವ ಅಪ್‌ಗ್ರೇಡೂ ಉಪಯೋಗಕ್ಕೆ ಬರುವುದಿಲ್ಲ. ಆಟ ಚಿಕ್ಕದಾದರೂ ಆ ಆಯ್ಕೆಯ ತೂಕವೇ ಹೆಚ್ಚು.

ಬಯೋಶಾಕ್‌ನಲ್ಲಿ ಪುಟ್ಟ ಹುಡುಗಿಯರನ್ನೆಲ್ಲ ಉಳಿಸಿದೆ. ಅವರನ್ನು ಬಲಿ ಕೊಟ್ಟ ಗೆಳೆಯನಿಗಿಂತ ನಾನೇನೂ ಕಷ್ಟಪಡಲಿಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ರಾಜಾಜಿನಗರ

ಅಂಕಿ ಬಿಡಿಸಿದರೆ ತಿಳಿಯುತ್ತದೆ. ಬಲಿ ಕೊಟ್ಟರೆ ಒಬ್ಬಳಿಗೆ 160 ಆಡಮ್ (ಗೇಮಿನೊಳಗೆ ಶಕ್ತಿಗಳನ್ನು ಕೊಳ್ಳುವ ದ್ರವ್ಯ), ಉಳಿಸಿದರೆ 80. ಆದರೆ ಮೂವರನ್ನು ಉಳಿಸಿದಾಗಲೆಲ್ಲ 200 ಆಡಮ್ ಉಡುಗೊರೆಯಾಗಿ ಬರುತ್ತದೆ. ಇಡೀ ಗೇಮಿನಲ್ಲಿ ಇರುವವರು 21 ಹುಡುಗಿಯರು. ಎಲ್ಲರನ್ನೂ ಬಲಿ ಕೊಟ್ಟವನಿಗೆ 3360, ಎಲ್ಲರನ್ನೂ ಉಳಿಸಿದವನಿಗೆ 3080. ವ್ಯತ್ಯಾಸ ಬರೀ 280, ಮೇಲಾಗಿ ಆ ಉಡುಗೊರೆ ಪೆಟ್ಟಿಗೆಯಲ್ಲಿ ಬೇರೆಲ್ಲೂ ಸಿಗದ ಶಕ್ತಿಗಳೂ ಇರುತ್ತವೆ. ಒಳ್ಳೆಯತನಕ್ಕೆ ಅಂಗಡಿಯವರೇ ಡಿಸ್ಕೌಂಟ್ ಕೊಟ್ಟರೆ ಅದನ್ನು ಪರೀಕ್ಷೆ ಎನ್ನಲಾಗದು. ನಷ್ಟವನ್ನು ನಿಜವಾಗಿಯೂ ನೋಡಬೇಕೆಂದರೆ ಕಷ್ಟದ ಡಿಫಿಕಲ್ಟಿಯಲ್ಲಿ, ಮೊದಲ ಉಡುಗೊರೆ ಬರುವ ಮುಂಚಿನ ಭಾಗವನ್ನು ಆಡಿ. ಬಿಸಿ ತಟ್ಟುವುದು ಅಷ್ಟು ಹೊತ್ತು ಮಾತ್ರ.

ಪಿಯು ತರಗತಿಯಲ್ಲಿ ಮೌಲ್ಯ ಶಿಕ್ಷಣಕ್ಕೆ 50 ನಿಮಿಷದ ಒಂದು ಪೀರಿಯಡ್ ಸಿಗುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದೆ. ಯಾವ ಗೇಮ್ ತೋರಿಸಬಹುದು, ಹೇಗೆ?
– ಉಪನ್ಯಾಸಕಿ, ಬಸವನಗುಡಿ

ಪೇಪರ್ಸ್, ಪ್ಲೀಸ್. ಲೂಕಸ್ ಪೋಪ್ 2013ರಲ್ಲಿ ಮಾಡಿದ್ದು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಇಡೀ ಆಟವೇ ಒಂದು ಮೇಜು ಮತ್ತು ಎರಡು ಮುದ್ರೆ. ಆಡುವವನು 1982ರ ಕೊನೆಯಲ್ಲಿ ಆರ್‌ಸ್ಟೋಟ್ಸ್ಕಾ ಎಂಬ ಕಾಲ್ಪನಿಕ ದೇಶದ ಗಡಿಯಲ್ಲಿ ಕೂತ ಗುಮಾಸ್ತ. ಒಬ್ಬರ ಕಾಗದ ಪರಿಶೀಲಿಸಿದರೆ 5 ಕ್ರೆಡಿಟ್ ಸಂಬಳ. ಸಂಜೆ ಅದರಲ್ಲೇ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು ತೂಗಿಸಬೇಕು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ.

ಮೊದಲು ಮಾಡಬೇಕಾದ ಕೆಲಸ: ಆಟ ಶುರುವಿನಲ್ಲಿ ಬೆತ್ತಲೆ ಚಿತ್ರಗಳ ಆಯ್ಕೆ ಕೇಳುತ್ತದೆ, ಅದನ್ನು ಆಫ್ ಮಾಡಿ. ಮುಂದೆ ತಪಾಸಣಾ ಯಂತ್ರದ ಚಿತ್ರಗಳು ಬರುತ್ತವೆ, ಪ್ರೊಜೆಕ್ಟರ್ ಮೇಲೆ ಬಂದರೆ ಪಾಠ ಅಲ್ಲಿಗೆ ಮುಗಿಯಿತು.

ಗಂಡ–ಹೆಂಡತಿಯ ಘಟನೆ ಬರುವ ದಿನದವರೆಗೆ ಮನೆಯಲ್ಲೇ ಆಡಿಟ್ಟುಕೊಳ್ಳಿ. ಪ್ರತಿ ದಿನದ ಆರಂಭ ಸೇವ್ ಆಗಿರುತ್ತದೆ, ಯಾವ ದಿನಕ್ಕೆ ಬೇಕಾದರೂ ಮರಳಬಹುದು. ತರಗತಿಯಲ್ಲಿ ಒಬ್ಬ ಮುದ್ರೆ ಹಾಕಲಿ, ಒಬ್ಬಳು ನಿಯಮದ ಪುಸ್ತಕ ಓದಲಿ, ಒಬ್ಬ ಬೋರ್ಡಿನ ಮೇಲೆ ಸಂಬಳದ ಲೆಕ್ಕ ಬರೆಯಲಿ. ಗಂಡನ ಕಾಗದಗಳು ಸರಿಯಿರುತ್ತವೆ, ಅವನು ಒಳಗೆ ಹೋಗುತ್ತಾ ಹಿಂದೆ ಬರುವ ಹೆಂಡತಿಗೆ ದಯೆ ತೋರಿ ಅನ್ನುತ್ತಾನೆ. ಅವಳ ಕೈಯಲ್ಲಿ ಪ್ರವೇಶ ಪರವಾನಗಿ ಇರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ ಚೀಟಿ, ದಂಡ ಶುರುವಾಗುವುದು ಮೂರನೆಯದರಿಂದ. ಅಂದರೆ ಅಲ್ಲಿಯವರೆಗೆ ಹುಷಾರಾಗಿ ಕೆಲಸ ಮಾಡಿದ ಗುಮಾಸ್ತನಿಗೆ ಆ ಹೆಂಗಸನ್ನು ಬಿಟ್ಟದ್ದಕ್ಕೆ ಕವಡೆ ಕಾಸಿನ ದಂಡವಿಲ್ಲ. ಆಗಲೇ ಎರಡು ತಪ್ಪು ಮಾಡಿದವನಿಗೆ ಅದೇ ದಯೆ ಒಂದು ಸಂಬಳ ತಿನ್ನುತ್ತದೆ. ಆ ದಿನವನ್ನು ಎರಡು ಸಲ ಆಡಿಸಿ: ಒಮ್ಮೆ ಎಚ್ಚರಿಕೆಗಳನ್ನು ಉಳಿಸಿಕೊಂಡು, ಒಮ್ಮೆ ಬೇಕೆಂದೇ ಎರಡನ್ನೂ ಮೊದಲೇ ಕಳೆದುಕೊಂಡು. ಎರಡನೇ ಸಲ ಮುದ್ರೆ ಹಿಡಿದ ಹುಡುಗನಿಗೆ ಇಡೀ ತರಗತಿ ಸಲಹೆ ಕೊಡಲು ಶುರು ಮಾಡುತ್ತದೆ. ಒಂದೊಂದು ಸಲಕ್ಕೆ ಹತ್ತು ನಿಮಿಷ ಇಟ್ಟುಕೊಂಡರೂ ಮಾತಿಗೆ ಅರ್ಧ ಗಂಟೆ ಉಳಿಯುತ್ತದೆ. ಭಾಷೆ ಇಂಗ್ಲಿಷ್, ಹಾಗಾಗಿ ಪಾಸ್‌ಪೋರ್ಟ್, ಪರವಾನಗಿ, ಗಡುವು ದಿನಾಂಕ ಎಲ್ಲೆಲ್ಲಿ ಇರುತ್ತವೆ ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಹಂಚಿ.

ಹದಿನೈದು ವರ್ಷದ ಮಗಳು ಲೈಫ್ ಈಸ್ ಸ್ಟ್ರೇಂಜ್ ಆಡುತ್ತಿದ್ದಾಳೆ. ಒಂದು ಹುಡುಗಿ ಸತ್ತಳೆಂದು ಎರಡು ದಿನ ಮಂಕಾಗಿದ್ದಳು, ತನ್ನದೇ ತಪ್ಪು ಅನ್ನುತ್ತಾಳೆ. ಆಡಲು ಬಿಡಬಹುದಾ?
– ತಾಯಿ, ಮಲ್ಲೇಶ್ವರ

ಅದು 2015ರ ಗೇಮ್, ಯುರೋಪಿನ ರೇಟಿಂಗ್ 16 ವರ್ಷ ಮೇಲ್ಪಟ್ಟವರಿಗೆ. ನಿಮ್ಮ ಮಗಳು ಹೇಳುತ್ತಿರುವುದು ಎರಡನೇ ಭಾಗದಲ್ಲಿ ಪ್ರಾಣ ಕಳೆದುಕೊಳ್ಳಲು ಮಹಡಿ ಹತ್ತುವ ಕೇಟ್ ಬಗ್ಗೆ ಇರಬೇಕು. ಇಡೀ ಗೇಮಿನಲ್ಲಿ ನಾಯಕಿ ಮ್ಯಾಕ್ಸ್‌ಗೆ ಸಮಯವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಇರುತ್ತದೆ, ಏನೇ ತಪ್ಪು ಮಾತಾಡಿದರೂ ತಿದ್ದಬಹುದು. ಆ ಮಹಡಿಯ ಮೇಲೆ ಮಾತ್ರ ಶಕ್ತಿ ಕೈಕೊಡುತ್ತದೆ. ಅಷ್ಟು ಹೊತ್ತು ರಿವೈಂಡ್ ನೆಚ್ಚಿಕೊಂಡು ಆಡಿದವರಿಗೆ ಅಲ್ಲಿ ಕಾಲಡಿಯ ನೆಲ ಕುಸಿದಂತಾಗುತ್ತದೆ. ಗೇಮ್ ಮಾಡಿದವರು ಬೇಕೆಂದೇ ಇಟ್ಟ ಪೆಟ್ಟು ಅದು.

ಅಲ್ಲಿ ಕೆಲಸಕ್ಕೆ ಬರುವುದು ಹಿಂದೆ ಗಮನಿಸಿದ ವಿವರಗಳು: ಕೇಟ್ ಫೋನ್ ಮಾಡಿದಾಗ ಎತ್ತಿದ್ದಾರಾ, ಅವಳ ಕೋಣೆಯಲ್ಲಿ ತಂಗಿಯರ ಚಿತ್ರ ನೋಡಿದ್ದಾರಾ, ಅಪ್ಪ ಅವಳ ಪರ ಇದ್ದಾನೆಂದು ಓದಿಕೊಂಡಿದ್ದಾರಾ. ಅವಸರದಲ್ಲಿ ಆಡಿದ ಯಾರಿಗೂ ಇವು ಕಾಣುವುದಿಲ್ಲ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಬೇಕಾದರೆ ಪಕ್ಕದಲ್ಲಿ ಕೂತು ಎರಡನೇ ಭಾಗವನ್ನು ಮೊದಲಿನಿಂದ ಆಡಿಸಿ, ಕೋಣೆಯ ವಸ್ತುಗಳನ್ನೆಲ್ಲ ಮುಟ್ಟಿ ನೋಡಲಿ. ಕೊನೆಯ ಭಾಗದಲ್ಲಿ ಗೆಳತಿ ಕ್ಲೋಯಿ ಅಥವಾ ಇಡೀ ಊರು, ಎರಡರಲ್ಲಿ ಒಂದನ್ನು ಬಿಡಬೇಕಾದ ಆಯ್ಕೆಯೂ ಬರುತ್ತದೆ. ಆ ಹೊತ್ತಿಗೆ ನೀವು ಮನೆಯಲ್ಲಿರುವ ದಿನವಾದರೆ ಒಳ್ಳೆಯದು.

ಆದರೆ ಮಂಕು ಕವಿದದ್ದು ಗೇಮ್ ಬಿಟ್ಟ ಮೇಲೂ ಹೋಗದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದು ಗೇಮಿನ ಪ್ರಶ್ನೆಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ನೀರ್: ಆಟೊಮ್ಯಾಟಾದ ಕೊನೆಯಲ್ಲಿ ಸೇವ್ ಎಲ್ಲ ಅಳಿಸಲಾ ಎಂದು ಕೇಳುತ್ತದೆ. ಹೌದು ಅಂದರೆ ನಿಜವಾಗಿಯೂ ಹೋಗುತ್ತದಾ? ಕಾಪಿ ಇಟ್ಟುಕೊಂಡು ಹೌದು ಅನ್ನಬಹುದಾ?
– ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ನಿಜವಾಗಿಯೂ ಹೋಗುತ್ತದೆ. ಸಿ ಮತ್ತು ಡಿ ಎಂಡಿಂಗ್ ಎರಡೂ ಮುಗಿದ ಮೇಲೆ ಬರುವ ಇ ಎಂಡಿಂಗ್‌ನಲ್ಲಿ, ಗೇಮ್ ಮಾಡಿದವರ ಹೆಸರುಗಳೇ ಗುಂಡು ಹಾರಿಸುತ್ತವೆ, ಒಬ್ಬರೇ ಗೆಲ್ಲುವುದು ಅಸಾಧ್ಯಕ್ಕೆ ಹತ್ತಿರ. ಸೋತು ಸೋತು ಸಾಕಾದಾಗ ಸಹಾಯ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದರೆ ಬೇರೆ ಆಟಗಾರರ ಹೆಸರಿನ ಹಡಗುಗಳು ನಿಮ್ಮ ಸುತ್ತ ನಿಂತು ಗುಂಡು ತಿನ್ನುತ್ತವೆ. ಒಂದು ಹಡಗು ಉರುಳಿದಾಗಲೆಲ್ಲ ಇಂಥವರ ಡೇಟಾ ಕಳೆದುಹೋಯಿತು ಎಂಬ ಸಾಲು ಬರುತ್ತದೆ. ಅವರೆಲ್ಲ ನಿಮಗಿಂತ ಮುಂಚೆ ಹೌದು ಅಂದವರು.

ನೀವೂ ಹೌದು ಅಂದರೆ ಗೇಮ್ ಮೆನು ತೆರೆದು ಒಂದೊಂದೇ ಪುಟ ಅಳಿಸುತ್ತದೆ: ಆಯುಧ, ಸಾಮಾನು, ಮುಗಿಸಿದ ಕೆಲಸಗಳು, ನಕ್ಷೆ. ಅದಕ್ಕೂ ಮುಂಚೆ ಹಲವು ಸಲ ಕೇಳುತ್ತದೆ. ನೀವು ಉಳಿಸುವವನು ನಿಮಗೆ ಇಷ್ಟವಾಗದವನೇ ಆಗಿರಬಹುದು ಎಂದೂ ಎಚ್ಚರಿಸುತ್ತದೆ.

ಲೆಕ್ಕಾಚಾರ ಇಷ್ಟು. ಖಾತೆಗೆ ಬಂದ ಟ್ರೋಫಿಗಳು ಉಳಿಯುತ್ತವೆ. ಹೋಗುವುದು ಚಾಪ್ಟರ್ ಸೆಲೆಕ್ಟ್ ಮತ್ತು ಕೂಡಿಟ್ಟದ್ದೆಲ್ಲ. ಬಾಕಿ ಉಳಿದ ಸೈಡ್ ಕ್ವೆಸ್ಟ್, ಆಯುಧದ ಕಥೆ ಓದುವ ಆಸೆ ಇದ್ದರೆ ಮೊದಲು ಇಲ್ಲ ಅನ್ನಿ, ಅದನ್ನೆಲ್ಲ ಮುಗಿಸಿ, ಆಮೇಲೆ ಈ ಎಂಡಿಂಗ್ ಮತ್ತೆ ಆಡಿ ಹೌದು ಅನ್ನಿ. ಕಂಪ್ಯೂಟರ್‌ನಲ್ಲಾದರೆ ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರ್‌ನಲ್ಲಿರುವ ಸೇವ್ ಕಾಪಿ ಮಾಡಿಡಬಹುದು, ಯಾರೂ ತಡೆಯುವುದಿಲ್ಲ. ಆಚೆ ಇರುವ ಅಪರಿಚಿತನಿಗೂ ಸಹಾಯ ಹೋಗಿಯೇ ಹೋಗುತ್ತದೆ. ಆದರೆ ಕಾಪಿ ಇಟ್ಟುಕೊಂಡವರಿಗೆ ಆ ಮೆನು ಅಳಿಯುವ ಒಂದು ನಿಮಿಷ ಬರೀ ಅನಿಮೇಷನ್ ಆಗಿ ಕಾಣುತ್ತದೆ. ನಮ್ಮನ್ನು ಕೇಳಿದರೆ, ಕಾಪಿ ಇಡಬೇಡಿ.

ವಿಚರ್ 3ರಲ್ಲಿ ಮರದಡಿಯ ಆತ್ಮವನ್ನು ಬಿಡಿಸಿದೆ, ಮಕ್ಕಳು ಉಳಿದರು ಅಂತ ಖುಷಿಯಾದೆ. ಎಷ್ಟೋ ಗಂಟೆ ಆದ ಮೇಲೆ ಬ್ಯಾರನ್ ನೇಣು ಹಾಕಿಕೊಂಡಿದ್ದ. ಸರಿಯಾದ ಉತ್ತರ ಯಾವುದಿತ್ತು?
– ಓದುಗ, ಹೆಬ್ಬಾಳ

ಆತ್ಮವನ್ನು ಬಿಟ್ಟರೆ ಅನಾಥ ಮಕ್ಕಳು ಬದುಕುತ್ತಾರೆ, ಊರು ಸಾಯುತ್ತದೆ, ಬ್ಯಾರನ್‌ನ ಹೆಂಡತಿ ಆನಾ ಸಾಯುತ್ತಾಳೆ, ಬ್ಯಾರನ್ ಪ್ರಾಣ ಕಳೆದುಕೊಳ್ಳುತ್ತಾನೆ. ಕೊಂದರೆ ಮಕ್ಕಳು ಹೋಗುತ್ತಾರೆ, ಆನಾ ಬುದ್ಧಿ ಕಳೆದುಕೊಂಡು ಬದುಕುತ್ತಾಳೆ, ಬ್ಯಾರನ್ ಅವಳನ್ನು ವೈದ್ಯನ ಬಳಿ ಕರೆದುಕೊಂಡು ಹೊರಡುತ್ತಾನೆ. ಆಯ್ಕೆ ಒಂದು ಕಡೆ, ಅದರ ಫಲ ಇನ್ನೆಲ್ಲೋ ದೂರದಲ್ಲಿ ಇಟ್ಟಿರುವುದರಿಂದ ಹಳೆಯ ಸೇವ್‌ಗೆ ಮರಳಲು ಮನಸ್ಸೇ ಬರುವುದಿಲ್ಲ. ಕೈಯಲ್ಲಿದ್ದ ಎಂಟು ಹತ್ತು ಗಂಟೆಯ ಆಟ ಹೋಗುತ್ತದಲ್ಲ. ಟೈಮರ್ ಇಟ್ಟು ಹೆದರಿಸುವ ಗೇಮ್‌ಗಳಿಗಿಂತ ಇದು ಜಾಣತನ.

ಮುಂದೆ ನಾಯಕನ ಸಾಕುಮಗಳು ಸಿರಿಯ ವಿಷಯದಲ್ಲಿ ಮಾತ್ರ ಲೆಕ್ಕವಿದೆ. ಐದು ಕಡೆ ನಿಮ್ಮ ನಡೆ ಎಣಿಕೆಗೆ ಬರುತ್ತದೆ: ಬೇಸರದಲ್ಲಿದ್ದಾಗ ಕುಡಿಸುವ ಬದಲು ಹಿಮದುಂಡೆ ಆಟಕ್ಕೆ ಕರೆಯುವುದು, ಅವಳನ್ನು ಕರೆತಂದದ್ದಕ್ಕೆ ಚಕ್ರವರ್ತಿಯ ಹಣ ನಿರಾಕರಿಸುವುದು, ಮಾಟಗಾತಿಯರ ಸಭೆಗೆ ಒಬ್ಬಳನ್ನೇ ಬಿಡುವುದು, ಪ್ರಯೋಗಾಲಯ ಒಡೆಯಲು ಬಿಡುವುದು, ಸ್ಕ್ಯಾಲ್‌ನ ಸಮಾಧಿಗೆ ಜೊತೆ ಹೋಗುವುದು. ಮೂರು ಸರಿಯಿದ್ದರೆ ಅವಳು ಬದುಕುತ್ತಾಳೆ. ರಕ್ಷಿಸಲು ಹೋಗಿ ಕೈ ಹಿಡಿದು ನಡೆಸಿದವರೇ ಹೆಚ್ಚಾಗಿ ಸೋಲುತ್ತಾರೆ.

ಪ್ಲೇಸ್ಟೇಷನ್ ಇಲ್ಲ, ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲ, ಮೆಟ್ರೋದಲ್ಲಿ ಓಡಾಡುವಾಗ ಫೋನಿನಲ್ಲಿ ಆಡಬಹುದಾದದ್ದು ಹೇಳಿ.
– ಬ್ಯಾಂಕ್ ಉದ್ಯೋಗಿ, ಕೆಂಗೇರಿ

ದಿಸ್ ವಾರ್ ಆಫ್ ಮೈನ್. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಮಾಡಿದ್ದು, ಫೋನಿಗೂ ಬಂದಿದೆ. ಯುದ್ಧದಲ್ಲಿ ಸಿಕ್ಕಿಕೊಂಡ ಸಾಮಾನ್ಯ ಜನರನ್ನು ಒಂದು ಮುರುಕು ಮನೆಯಲ್ಲಿ ಬದುಕಿಸುವುದೇ ಆಟ. ಹಗಲು ರಿಪೇರಿ, ಅಡುಗೆ. ರಾತ್ರಿ ಒಬ್ಬರು ಸಾಮಾನು ಹುಡುಕಲು ಹೊರಗೆ. ಮಾರ್ಕೊನ ಚೀಲದಲ್ಲಿ 15 ಖಾನೆ, ಬ್ರೂನೊನದರಲ್ಲಿ 10, ಹಾಗಾಗಿ ಶುರುವಿನಲ್ಲಿ ಮಾರ್ಕೊನನ್ನೇ ಕಳಿಸಿ, ಬ್ರೂನೊ ಒಲೆ ನೋಡಿಕೊಳ್ಳಲಿ.

ಎಲ್ಲರೂ ಎಡವುವುದು ವೃದ್ಧ ದಂಪತಿಯ ಮನೆಯಲ್ಲಿ. ಅಲ್ಲಿ ಆಹಾರವಿದೆ, ಔಷಧಿಯಿದೆ, ತಡೆಯುವವರಿಲ್ಲ. ಮುದುಕ ಹಿಂದೆಯೇ ಬಂದು ಬೇಡಿಕೊಳ್ಳುತ್ತಾನೆ ಅಷ್ಟೇ. ತಂದರೆ ಮರುದಿನದಿಂದ ನಿಮ್ಮವರ ಮನಸ್ಸು ಕುಸಿಯುತ್ತದೆ: ಮೊದಲು ಬೇಸರ, ಆಮೇಲೆ ಖಿನ್ನತೆ, ಕೊನೆಗೆ ಏನು ಹೇಳಿದರೂ ಏಳದೆ ಕೂತುಬಿಡುತ್ತಾರೆ. ಒಂದು ಚೀಲ ಡಬ್ಬಿ ಆಹಾರಕ್ಕೆ ಒಬ್ಬ ಕೆಲಸಗಾರ ಹೋದಂತೆ. ತಂದೇಬಿಟ್ಟಿದ್ದರೆ ಹಗಲು ಇನ್ನೊಬ್ಬರನ್ನು ಅವನ ಬಳಿ ಕಳಿಸಿ ಮಾತಾಡಿಸಿ, ಬಾಗಿಲಿಗೆ ಬಂದ ನೆರೆಯವರಿಗೆ ಇಲ್ಲ ಅನ್ನಬೇಡಿ. ಸೇವ್ ಆಗುವುದು ದಿನ ಬದಲಾಗುವಾಗ ಮಾತ್ರ. ನಿಮ್ಮ ಸ್ಟೇಷನ್ ಬಂತೆಂದು ರಾತ್ರಿಯ ನಡುವೆ ಮುಚ್ಚಿದರೆ ಆ ರಾತ್ರಿ ವ್ಯರ್ಥವಾಗಬಹುದು, ಹೊರಡುವ ಮುಂಚೆ ಎಷ್ಟು ದೂರ ಇದೆ ನೋಡಿಕೊಳ್ಳಿ.

ಇಂಥ ದೊಡ್ಡ ಗೇಮ್‌ಗಳಲ್ಲಿ ನಮ್ಮ ಬೆಂಗಳೂರಿನವರ ಕೈ ಇದೆಯಾ?
– ವಿದ್ಯಾರ್ಥಿನಿ, ಯಲಹಂಕ

ಇದೆ. 2018ರ ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಕೂಡ ದುಡಿದಿದೆ. 1997ರಲ್ಲಿ ಇಲ್ಲೇ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡು ತನ್ನ ಇಲ್ಲಿನ ತಂಡಕ್ಕೆ ಸೇರಿಸಿಕೊಂಡಿತು.

‘ಕೆರೆಗೆ ಹಾರ’ ಕಥನಗೀತೆಯನ್ನು ಆಯ್ಕೆಗಳಿರುವ ಸಣ್ಣ ಗೇಮ್ ಮಾಡಬೇಕೆಂದಿದ್ದೇವೆ. ಕೋಡಿಂಗ್ ಹೆಚ್ಚು ಬರುವುದಿಲ್ಲ. ಭಾಗೀರಥಿ ಬದುಕುವ ಎಂಡಿಂಗ್ ಇಡಬೇಕಾ?
– ಕಾಲೇಜು ಗೆಳೆಯರ ತಂಡ, ವಿಜಯನಗರ

ಎಂಡಿಂಗ್ ಆಮೇಲೆ. ಆಡುವವರು ಯಾರ ಪಾತ್ರದಲ್ಲಿರುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ. ಕಲ್ಲನಕೇರಿಯ ಮಲ್ಲನಗೌಡನ ಪಾತ್ರ ಕೊಟ್ಟರೆ ಅದು ಒಂದು ಜೀವ ಅಥವಾ ಊರಿನ ನೀರು ಎಂಬ ಒಣ ಲೆಕ್ಕವಾಗುತ್ತದೆ, ಮತ್ತು ತೆರುವವನು ಅವನಲ್ಲ. ಭಾಗೀರಥಿಯ ಪಾತ್ರ ಕೊಡಿ. ಹಾಡಿನಲ್ಲಿ ಅವಳಿಗಿರುವ ನಿಜವಾದ ಆಯ್ಕೆ ಸಾಯಬೇಕೋ ಬೇಡವೋ ಎಂಬುದಲ್ಲ, ಯಾರಿಗೆ ಹೇಳಬೇಕು ಎಂಬುದು. ತವರಿಗೆ ಹೋಗಿ ಅಪ್ಪ ಅವ್ವನ ಮುಂದೆ ಬೇರೆ ಕಾರಣ ಹೇಳುತ್ತಾಳೆ, ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ. ದಂಡಿಗೆ ಹೋದ ಗಂಡನಿಗೆ ಸುದ್ದಿಯೇ ಇಲ್ಲ. ಈ ನಾಲ್ಕು ಜನರ ಸುತ್ತ ನಿಮ್ಮ ಆಯ್ಕೆಗಳನ್ನು ಕಟ್ಟಿ.

ಬದುಕುವ ಎಂಡಿಂಗ್ ಇಟ್ಟರೆ ಪುಕ್ಕಟೆ ಕೊಡಬೇಡಿ. ತಪ್ಪಿಸಿಕೊಂಡವಳಿಗೆ ಬತ್ತಿದ ಕೆರೆಯ ಊರು, ಮುಂದಿನ ಸೊಸೆಯ ಸರದಿ, ತವರಿನ ಮೇಲೆ ಬರುವ ಮಾತು ಎಲ್ಲವೂ ಕಾಣಬೇಕು. ಹಾಗೆಯೇ ಸತ್ತದ್ದಕ್ಕೆ ‘ಉತ್ತಮ ಎಂಡಿಂಗ್’ ಎಂಬ ಪಟ್ಟಿಯನ್ನೂ ಹಚ್ಚಬೇಡಿ. ಸುದ್ದಿ ತಿಳಿದ ಗಂಡ ಅದೇ ಕೆರೆಗೆ ಹಾರುವುದನ್ನು ಹಾಡು ಬಿಟ್ಟಿಲ್ಲ, ನೀವೂ ಬಿಡಬೇಡಿ.

ಸಲಕರಣೆಗೆ ಲಿಂಕ್‌ಗಳಿಂದ ಕಥೆ ಕಟ್ಟುವ ಟ್ವೈನ್ ಸಾಕು, ಉಚಿತ. 25ರಿಂದ 30 ಪುಟ ಮಿತಿ ಹಾಕಿಕೊಳ್ಳಿ. ಪ್ರತಿ ಆಯ್ಕೆಗೂ ಎರಡು ಬೇರೆ ದಾರಿ ತೆರೆಯುತ್ತಾ ಹೋದರೆ ಆರು ಆಯ್ಕೆಗೆ 64 ಕೊನೆಗಳಾಗುತ್ತವೆ, ಹೊಸಬರ ಗೇಮ್‌ಗಳು ಅರ್ಧಕ್ಕೆ ನಿಲ್ಲುವುದು ಇಲ್ಲೇ. ದಾರಿಗಳು ಎರಡು ಪುಟದಲ್ಲಿ ಮತ್ತೆ ಕೂಡಲಿ, ಯಾರಿಗೆ ಹೇಳಿದಳು ಎಂಬುದನ್ನು ಮಾತ್ರ ವೇರಿಯಬಲ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಮಾತುಗಳನ್ನು ಬದಲಾಯಿಸಿ. ವೇರಿಯಬಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡ ಕಥೆಯ ಪಠ್ಯದಲ್ಲಿ. ಮರೆತ ಬಂಗಾರದ ಬಟ್ಟಲು ತರಲು ಅವಳು ಮರಳುವ ಘಟ್ಟಕ್ಕೆ ಬಂದಾಗ ಲಿಂಕ್‌ಗಳನ್ನು ಕಡಿಮೆ ಮಾಡುತ್ತಾ ಬನ್ನಿ: ನಾಲ್ಕು, ಎರಡು, ಒಂದು. ಮೆಟ್ಟಿಲಿಗೊಂದು ಪುಟ, ಪುಟಕ್ಕೊಂದೇ ಲಿಂಕ್, ನೀರು ಏರುವ ಒಂದೇ ಸಾಲು. ಅಲ್ಲಿ ಬ್ಯಾಕ್ ಬಟನ್ ತೆಗೆದುಬಿಡಿ.

ಬ್ರೌಸರ್‌ನಲ್ಲಿ ಟ್ವೈನ್ ಬಳಸಿದರೆ ಕಥೆ ಉಳಿಯುವುದು ಆ ಬ್ರೌಸರ್ ಒಳಗೆ ಮಾತ್ರ, ಹಿಸ್ಟರಿ ಜೊತೆ ಡೇಟಾ ಅಳಿಸಿದರೆ ಎಲ್ಲ ಹೋಗುತ್ತದೆ. ಪ್ರತಿ ದಿನ ಫೈಲ್ ಆಗಿ ಪಬ್ಲಿಶ್ ಮಾಡಿ ಬೇರೆ ಕಡೆ ಇಡಿ. ಅದೇ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಹಾಕಿ. ಮುಂದೆ ಚಿತ್ರ, ಚಲನೆ ಬೇಕೆನಿಸಿದರೆ ಗೊಡೊ 4 ಎಂಬ ಗೇಮ್ ಎಂಜಿನ್‌ಗೆ ಹೋಗಿ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಗೊಡೊ 3ರಲ್ಲಿ ಮತ್ತು ಯುನಿಟಿಯ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ಹಾಗೇ ಬರೆದರೆ ಅಕ್ಷರ ಒಡೆದು ‘ಕ್’ ಒಂದು ಕಡೆ, ಒತ್ತು ಇನ್ನೊಂದು ಕಡೆ ಬೀಳುತ್ತದೆ.